ಒಪ್ಪಿದವರು ಕೂತಿರಿ, ಒಪ್ಪದವರು ಏಳಿ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು "ನೀವು ಏನು ಕೆಲಸದಲ್ಲಿದ್ರಿ?" ಎಂದು ಕೇಳಿದರೆ ಇಂದಿಗೂ ನನಗೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ. ಟೀಚರ್ ಆಗಿದ್ದೆ ಅಂದರೆ ಮುಗಿಯಿತು, ನರ್ಸ್ ಆಗಿದ್ದೆ ಅಂದರೂ ಮುಗಿಯಿತು. ನಾನು ಮಾತ್ರ "ಒಂದು ಕಂಪನಿಗೆ ಮೆಮೊರಂಡಮ್ಮು, ಆರ್ಟಿಕಲ್ಸು ಅಂತ ಇರುತ್ತಲ್ಲ, ಅದನ್ನ ಕಾಲಕಾಲಕ್ಕೆ ತಿದ್ದಿ ಇಡ್ತಿದ್ದೆ" ಎಂದು ಶುರುಮಾಡಬೇಕು. ಅಷ್ಟರಲ್ಲಿ ಕೇಳಿದವರು ಬಡಿಸುವವನನ್ನು ಕೂಗಿ ಸಾರು ಹಾಕಿಸಿಕೊಳ್ಳುತ್ತಿರುತ್ತಾರೆ. ಒಬ್ಬ ಅಜ್ಜಿ ಮಾತ್ರ ಪೂರ್ತಿ ಕೇಳಿಸಿಕೊಂಡು, "ಅದಕ್ಕೂ ಸಂಬ್ಳ ಕೊಡ್ತಾರೇನಮ್ಮಾ?" ಎಂದಿದ್ದರು. ಕೊಡುತ್ತಿದ್ದರು. ಯಾಕೆ ಕೊಡುತ್ತಿದ್ದರು ಎಂದು ನಾನು ಹೆಚ್ಚು ವಿಚಾರಿಸಲು ಹೋಗಲಿಲ್ಲ.

ಈಗ ತಾಲ್ಲೂಕಿಗೊಂದು ಬೆಳೆಗಾರರ ಕಂಪನಿ ಹುಟ್ಟಿಕೊಳ್ಳುತ್ತಿದೆ. ಈ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಅವರಿಗಾಗಿ ನಾಲ್ಕು ಮಾತು ಬರೆಯೋಣ ಅನ್ನಿಸಿತು. ಬರೆಯುವ ಯೋಗ್ಯತೆ ನನಗೆ ಖಂಡಿತ ಇದೆ, ಏಕೆಂದರೆ ಇದರಲ್ಲಿ ಮಾಡಬಹುದಾದ ಎಡವಟ್ಟುಗಳನ್ನೆಲ್ಲ ನಾನೇ ಮಾಡಿ ಮುಗಿಸಿದ್ದೇನೆ. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಬಂದಿದ್ದರೆ ತಾನೇ ಬರೆಯುವುದು!

ನಮ್ಮದು ತರಕಾರಿ ಬೆಳೆಗಾರರ ಕಂಪನಿ. ಕೆಜಿಎಫ್ ಸುತ್ತಲಿನ ಕಾಮಸಮುದ್ರ, ಕ್ಯಾಸಂಬಳ್ಳಿ ಕಡೆಯ ರೈತರೇ ಷೇರುದಾರರು. ಟೊಮೆಟೊ, ಬೀನ್ಸು, ಬದನೆಯನ್ನು ದಲ್ಲಾಳಿಯ ಕೈಗೆ ಕೊಡದೆ ಒಟ್ಟಾಗಿ ಮಾರುವುದು ಉದ್ದೇಶ. ಕಂಪನಿ ಅಂದ ಮೇಲೆ ಅದು ಏನೇನು ಮಾಡಬಹುದು ಎಂದು ಹೇಳುವ ಮೆಮೊರಂಡಮ್ ಇರಬೇಕು, ಹೇಗೆ ಮಾಡಬೇಕು ಎಂದು ಹೇಳುವ ಆರ್ಟಿಕಲ್ಸ್ ಇರಬೇಕು. ನಮ್ಮ ಜನ ಎರಡನ್ನೂ ಸೇರಿಸಿ 'ಬೈಲಾ' ಎಂದು ಮುಗಿಸುತ್ತಿದ್ದರು. "ಬೈಲಾ ಇರೋದು ಸೊಸೈಟಿಗೆ, ಇದು ಕಂಪನಿ" ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ನನಗೇ 'ಬೈಲಾ ಮೇಡಂ' ಎಂದು ಹೆಸರಿಟ್ಟರು. ಅಲ್ಲಿಗೆ ಸುಮ್ಮನಾದೆ.

ನನ್ನಪ್ಪ ದಾವಣಗೆರೆ ಕಡೆಯವರು. ಕೆಜಿಎಫ್‌ನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆಂದು ಬಂದು ಇಲ್ಲೇ ನಿಂತರು. ನಾನು ಬಿ.ಕಾಂ. ಮಾಡಿ, ಟೈಪಿಂಗ್ ಕಲಿತು, ಕಾಮಾ ಎಲ್ಲಿ ಹಾಕಬೇಕೆಂದು ನನಗೆ ಗೊತ್ತಿದ್ದಷ್ಟು ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬ ಜಂಬದೊಂದಿಗೆ ಕೆಲಸಕ್ಕೆ ಸೇರಿದೆ. ಆ ಜಂಬ ಇಳಿದದ್ದು ಒಂದು ದೋಣಿಯಿಂದ.

ಕಂಪನಿ ಶುರುವಾದಾಗ ಮೆಮೊರಂಡಮ್ಮನ್ನು ಯಾರೂ ಕೂತು ಬರೆದಿರಲಿಲ್ಲ. ಕರಾವಳಿಯ ಇನ್ಯಾವುದೋ ಕಂಪನಿಯದನ್ನು ತರಿಸಿ, ಹೆಸರು ಬದಲಿಸಿ ಟೈಪ್ ಮಾಡಿಸಿದ್ದರು. ಕರಡು ತಿದ್ದಿದವಳು ನಾನೇ. ಒಂದೊಂದು ಕಾಮಾ ಹುಡುಕಿ ಹುಡುಕಿ ಸರಿಪಡಿಸಿದ್ದೆ. ಕೆಲವು ವರ್ಷದ ಮೇಲೆ ಸಾಲ ಕೇಳಲು ಹೋದಾಗ ಬ್ಯಾಂಕಿನ ಮ್ಯಾನೇಜರು ಅದನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದು, "ನಿಮ್ಮ ದೋಣಿಗಳು ಎಲ್ಲಿ ನಿಲ್ಲುತ್ತವೆ ಮೇಡಂ?" ಎಂದರು. ಇಣುಕಿ ನೋಡಿದೆ. ಕಂಪನಿಯ ಉದ್ದೇಶಗಳಲ್ಲಿ ಮೀನುಗಾರಿಕೆ ದೋಣಿ, ಬಲೆ, ಮಂಜುಗಡ್ಡೆ ಎಲ್ಲ ಸಾಲಾಗಿ ಕೂತಿದ್ದವು. ಬಂಗಾರಪೇಟೆಯ ಕೆರೆಯಲ್ಲಿ ಆ ವರ್ಷ ಎಮ್ಮೆ ಮುಳುಗುವಷ್ಟು ನೀರಿರಲಿಲ್ಲ. ಕಾಮಾ ಮಾತ್ರ ಎಲ್ಲವೂ ಸರಿಯಾಗಿದ್ದವು.

ಆ ದೋಣಿಗಳನ್ನು ತೆಗೆಸಲು ಸಭೆ ಕರೆದು, ನಿರ್ಣಯ ಮಾಡಿ, ನೋಂದಣಿ ಕಚೇರಿಗೆ ಕಳಿಸಿ, ಸಾಕಪ್ಪಾ ಸಾಕು ಅನ್ನಿಸಿತು. ಹೊಸಬರಿಗೆ ನನ್ನ ಮೊದಲ ಬುದ್ಧಿಮಾತು ಇಷ್ಟೇ. ತಿದ್ದುವ ಮೊದಲು ಓದಿ.

ಆಗ ನನ್ನ ಮೇಲಧಿಕಾರಿ ರಾಮಮೂರ್ತಿ ಸಾರ್. ಕಂಪನಿ ಕಾನೂನು ಅರೆದು ಕುಡಿದವರು. ವಾರಕ್ಕೊಮ್ಮೆ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು, ಒಂದು ಲೋಟ ನೀರು ಕುಡಿದು, "ಪುಸ್ತಕ ತನ್ನಿ" ಎನ್ನುತ್ತಿದ್ದರು. ಪುಸ್ತಕವೆಂದರೆ ಆರ್ಟಿಕಲ್ಸಿನ ಮೂಲ ಪ್ರತಿ. ಅವರ ಪದ್ಧತಿಯಲ್ಲಿ ಹಳೆಯ ನಿಯಮವನ್ನು ಹೊಡೆದುಹಾಕುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಿದ್ದುಪಡಿಯನ್ನು ಚೀಟಿಯ ಮೇಲೆ ಟೈಪ್ ಮಾಡಿ, ಹಳೆಯ ನಿಯಮದ ಪಕ್ಕಕ್ಕೆ ಒಂದು ಅಂಚು ಮಾತ್ರ ಅಂಟಿಸಬೇಕು. ಎತ್ತಿ ನೋಡಿದರೆ ಹಳೆಯದೂ ಕಾಣಬೇಕು. "ನಿನ್ನೆ ಏನಿತ್ತು ಅಂತ ಗೊತ್ತಿಲ್ಲದವರು ಇವತ್ತಿನದನ್ನ ತಿದ್ದಬಾರದಮ್ಮಾ" ಎನ್ನುತ್ತಿದ್ದರು. ಈಗ ಯೋಚಿಸಿದರೆ ಅವರ ಮಾತು ಅದೆಷ್ಟು ಸರಿ ಅನ್ನಿಸುತ್ತದೆ. ಆಗ ಮಾತ್ರ ಮುದುಕರ ಕಿರಿಕಿರಿ ಅಂದುಕೊಂಡಿದ್ದೆ.

ಅಂಟು ನಾನೇ ಮನೆಯಲ್ಲಿ ಮೈದಾ ಕುದಿಸಿ ಮಾಡುತ್ತಿದ್ದೆ. ಅದಕ್ಕೆ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಹುಳ ಬರುತ್ತದೆ. ಒಂದು ಸಲ ಹಾಕುವುದು ಮರೆತೆ. ಸಭೆಯ ದಿನ ಪುಸ್ತಕ ತೆರೆದರೆ, ಸಭೆ ನಡೆಯಲು ಎಷ್ಟು ಜನ ಇರಬೇಕು ಎಂಬ ನಿಯಮವನ್ನು ಜಿರಲೆಗಳು ಪೂರ್ತಿ ತಿಂದಿದ್ದವು. ರಾಮಮೂರ್ತಿ ಸಾರ್ ಬಹಳ ಹೊತ್ತು ಆ ತೂತನ್ನೇ ನೋಡಿ, "ಜಿರಲೆಗಳದ್ದು ಕೋರಂ ಆಗಿದೆ, ನಮ್ಮದು ಗೊತ್ತಿಲ್ಲ" ಎಂದರು. ಅವರು ತಮಾಷೆ ಮಾಡಿದ್ದು ನಾನು ಕಂಡಂತೆ ಅದೊಂದೇ ಸಲ. ನಾನು ನಗಬೇಕೋ ಅಳಬೇಕೋ ತಿಳಿಯದೆ ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಇನ್ನೊಂದು ಪ್ರಸಂಗ ಕಚೇರಿ ಬದಲಾದಾಗಿನದು. ಮೊದಲು ನಮ್ಮ ಕಚೇರಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಹಳೆಯ ಕಟ್ಟಡದಲ್ಲಿತ್ತು. ರೈತರಿಗೆ ಅನುಕೂಲವೆಂದು ಬಂಗಾರಪೇಟೆಗೆ ಬಂದೆವು. ಆರ್ಟಿಕಲ್ಸು, ಸೀಲು, ಬೋರ್ಡು, ಎಲ್ಲದರಲ್ಲೂ ವಿಳಾಸ ಬದಲಿಸಿದೆ. ಮಹಾಸಭೆಯ ನೋಟೀಸಿಗೆ ಹೊಸ ಲೆಟರ್‌ಹೆಡ್ ಕೂಡ ಹಾಕಿದೆ. ಒಳಗಿನ ಒಕ್ಕಣೆಯನ್ನು ಮಾತ್ರ ಹಿಂದಿನ ವರ್ಷದ್ದರಿಂದ ಎತ್ತಿದ್ದೆ. ಹಾಗಾಗಿ ಮೇಲೆ ಬಂಗಾರಪೇಟೆ, ಒಳಗೆ ಚಾಂಪಿಯನ್ ರೀಫ್ಸ್. ಮೇಲಷ್ಟೇ ನೋಡಿದವರು ಇಲ್ಲಿಗೆ ಬಂದರು, ಪೂರ್ತಿ ಓದಿದವರು ಅಲ್ಲಿಗೆ ಹೋದರು.

ಹಳೆಯ ಕಟ್ಟಡದ ವಾಚ್‌ಮನ್ ಆರುಮುಗಂ ಫೋನ್ ಮಾಡಿದ. ಗಣಿಯಲ್ಲಿ ದುಡಿದು ಬಿಟ್ಟವನು, ಯಾವುದಕ್ಕೂ ಗಾಬರಿಯಾಗುವ ಆಳಲ್ಲ. "ಮೇಡಂ, ಇಲ್ಲಿ ಪಾದಿ ಜನ ಬಂದವ್ರೆ. ಕಾಫಿ ಯಾರ್ ಕೊಡೋದು?" ಎಂದ. ಅವನ ತಮಿಳಿನ 'ಪಾದಿ', ಅಂದರೆ ಅರ್ಧ, ಕೇಳಿ ನೋಟೀಸನ್ನು ತೆಗೆದು ಆಗ ಪೂರ್ತಿ ಓದಿದೆ. ಎರಡೂ ಕಡೆ ಅರ್ಧರ್ಧ ಜನ, ಎರಡು ಕಡೆಯೂ ಸಭೆ ನಡೆಸುವಷ್ಟು ಜನರಿಲ್ಲ. ಅಲ್ಲಿದ್ದವರು ಬಸ್ಸು ಹಿಡಿದು ಇಲ್ಲಿಗೆ ಹೊರಟರೆ, ಇಲ್ಲಿದ್ದವರಲ್ಲಿ ಕೆಲವರು ಅವರನ್ನು ಕರೆತರುತ್ತೇವೆಂದು ಅಲ್ಲಿಗೆ ಹೊರಟರು. ಸಂಜೆಯ ತನಕ ನಮ್ಮ ಮಹಾಸಭೆ ರಸ್ತೆಯ ಮೇಲೇ ಓಡಾಡಿಕೊಂಡಿತ್ತು.

ಇಷ್ಟೆಲ್ಲ ಆದ ಮೇಲೆ ನಾನು ಸ್ವಲ್ಪ ತಗ್ಗಿ ನಡೆಯಬೇಕಿತ್ತು. ಬದಲಿಗೆ ಒಂದು ಸುಧಾರಣೆ ತಂದೆ.

ನಮ್ಮ ಸಭೆಗಳಲ್ಲಿ ಕೈ ಎತ್ತಿಸಿ ಲೆಕ್ಕ ಹಾಕುವುದು ದೊಡ್ಡ ಗೋಳು. ಒಬ್ಬರು ಎರಡೂ ಕೈ ಎತ್ತುವರು. ಇನ್ನೊಬ್ಬರು ಮಜ್ಜಿಗೆ ಬೇಕೆಂದು ಎತ್ತಿದ ಕೈಯನ್ನು ಇಳಿಸುವುದೇ ಇಲ್ಲ. ಷೇರೇ ಇಲ್ಲದ ಆರುಮುಗಂ ಕಾಫಿಗೆಂದು ಬಂದು ಬಾಗಿಲಲ್ಲಿ ನಿಂತು ಎಲ್ಲಕ್ಕೂ ಕೈ ಎತ್ತುವನು. ನನ್ನ ಲೆಕ್ಕ ಪ್ರತಿ ಸಲವೂ ಬೇರೆಯಾಗುತ್ತಿತ್ತು. ಅದಕ್ಕೆ ನಾನು ರಾಮಮೂರ್ತಿ ಸಾರ್‌ಗೆ ಹೇಳಿದೆ. "ಸಾರ್, ಒಪ್ಪಿದವರು ಕೂತಿರಲಿ, ಒಪ್ಪದವರು ಎದ್ದು ನಿಲ್ಲಲಿ. ನಿಂತವರನ್ನಷ್ಟೇ ಎಣಿಸಿದರೆ ಸಾಕು. ನಮ್ಮ ಜನ ವಿರೋಧ ಮಾಡೋದೇ ಕಮ್ಮಿ. ಅದಕ್ಕೋಸ್ಕರ ಮಂಡಿ ನೋಯಿಸಿಕೊಳ್ಳೋರು ಇನ್ನೂ ಕಮ್ಮಿ." ಅವರು ಅನುಮಾನದಿಂದ ನೋಡಿದರು. "ಎಲ್ಲ ಕಡೆ ಕೈ ಎತ್ತೋದಲ್ವೇನಮ್ಮಾ?" ಎಂದರು. ನಾನು ಬಿಡಲಿಲ್ಲ. ಬೆನ್ನು ಹತ್ತಿ ಹತ್ತಿ ಆರ್ಟಿಕಲ್ಸಿಗೇ ಆ ನಿಯಮ ಸೇರುವಂತೆ ಮಾಡಿದೆ. ಇಡೀ ಪುಸ್ತಕದಲ್ಲಿ ನನ್ನ ಸ್ವಂತ ಬುದ್ಧಿಯಿಂದ ಬಂದ ನಿಯಮ ಅದೊಂದೇ. ಚೀಟಿ ಕಳಚಬಾರದೆಂದು ಅದಕ್ಕೆ ಅಂಟು ಬೇರೆ ಧಾರಾಳವಾಗಿ ಬಳಿದೆ. ಅದು ಎಷ್ಟೋ ಸಭೆಗಳಲ್ಲಿ ಸಲೀಸಾಗಿ ನಡೆಯಿತು ಕೂಡ, ನಾರಾಯಣಮ್ಮನ ವಿಷಯ ಬರುವವರೆಗೆ.

ಅಷ್ಟರಲ್ಲಿ ರಾಮಮೂರ್ತಿ ಸಾರ್ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಶ್ರೀಧರ್ ಎಂಬ ಹುರುಪಿನ ಯುವಕ ಬಂದಿದ್ದರು. ಬಂದಿದ್ದರು ಅಂದರೆ ತಪ್ಪಾಗುತ್ತದೆ, ಅವರು ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದರು. ಆರ್ಟಿಕಲ್ಸೂ ಕಂಪ್ಯೂಟರಿಗೆ ಹೋಗಿತ್ತು. ನನ್ನ ಅಂಟಿನ ಡಬ್ಬಿಯನ್ನು ಕಂಡರೆ ಅವರಿಗೆ ನಗು.

ನಾರಾಯಣಮ್ಮ ಕಾಮಸಮುದ್ರದಾಚೆಯ ಹಳ್ಳಿಯವಳು, ನಮ್ಮ ಅಧ್ಯಕ್ಷ ಮುನಿವೆಂಕಟಪ್ಪನವರ ತಮ್ಮನ ಹೆಂಡತಿ. ಆಕೆಯ ಗಂಡ ಕಾಯಿಲೆಗೆಂದು ತನ್ನ ಪಾಲಿನ ಹೊಲ ಮಾರಿ, ಆಮೇಲೆ ತೀರಿಕೊಂಡ. ಅವನ ಷೇರು ಹೆಂಡತಿಯ ಹೆಸರಿಗೆ ಬಂತು. ಆಕೆ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಬೀನ್ಸು ಬೆಳೆಯುತ್ತಿದ್ದಳು. ಆದರೆ ನಮ್ಮ ಆರ್ಟಿಕಲ್ಸಿನ ಪ್ರಕಾರ ಪಹಣಿ ಸ್ವಂತ ಹೆಸರಿನಲ್ಲಿ ಇಲ್ಲದವರು ಸದಸ್ಯರಾಗುವಂತಿಲ್ಲ. ದಲ್ಲಾಳಿಗಳು ನುಸುಳಬಾರದೆಂದು ಮೊದಲೇ ಮಾಡಿದ್ದ ನಿಯಮ ಅದು. ನಾನು ಆಕೆಗೆ, ಷೇರನ್ನು ಹಿಂದಿರುಗಿಸತಕ್ಕದ್ದು ಎಂದು ಕಾಗದ ಬರೆದೆ. 'ತಕ್ಕದ್ದು' ಎಂದು ಬರೆಯುವಾಗ ನನಗೆ ಒಂದು ಗತ್ತು ಬರುತ್ತಿತ್ತು.

ಆಕೆ ಕಾಗದ ಹಿಡಿದು ಕಚೇರಿಗೇ ಬಂದಳು. ಒಂದು ಚೀಲ ಬೀನ್ಸು ತಂದು ನನ್ನ ಮೇಜಿನ ಮೇಲೆ ಇಟ್ಟಳು.

"ಏನಮ್ಮಾ ಬೈಲಾ ಮೇಡಂ, ಇದುನ್ನ ಬೆಳ್ದಿದ್ದು ನಾನಾ, ಪಹಣಿನಾ?"

"ಅದು ನಿಯಮ ಕಣಮ್ಮಾ. ದಲ್ಲಾಳಿಗಳು ಬರಬಾರದು ಅಂತ..."

"ನಾನು ದಲ್ಲಾಳಿನಾ? ನನ್ ಕೈ ನೋಡು. ದಲ್ಲಾಳಿ ಕೈ ಇಂಗಿರ್ತದಾ?" ಎಂದು ಎರಡೂ ಅಂಗೈ ಚಾಚಿದಳು. "ಷೇರು ಓದ್ರೆ ಕಂಪ್ನಿ ಟೆಂಪೋ ನನ್ ಮೂಟೆ ಎತ್ತಾಕಿಲ್ಲ. ಆ ಮಂಡಿಯೋನ್ ಕಾಲಿಗೆ ಬೀಳ್ಬೇಕು, ಇಲ್ಲಾಂದ್ರೆ ಮತ್ತೆ ಕೂಲಿಗೆ ಓಗ್ಬೇಕು. ನಮ್ಮೆಜಮಾನ್ರು ಓದ್ಮೇಲೆ ನನ್ನೆಸ್ರಲ್ಲಿ ಇರೋದು ಇದೊಂದೇ ಕಣಮ್ಮಾ. ಅದ್ನೂ ಕಿತ್ಕೊಂತೀಯಾ?"

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಅವಳ ಮೇಲಲ್ಲ, ನನ್ನ 'ತಕ್ಕದ್ದು'ವಿನ ಮೇಲೆ. ಅಂದೇ ತಿದ್ದುಪಡಿಯ ಕರಡು ಬರೆದೆ. ಸ್ವಂತದ್ದಾಗಲಿ, ಗುತ್ತಿಗೆಯದ್ದಾಗಲಿ, ನೆಲದಲ್ಲಿ ತಾನೇ ಬೆಳೆ ತೆಗೆಯುವವರು ಸದಸ್ಯರು. ಮುನಿವೆಂಕಟಪ್ಪನವರು ಓದಿಸಿ ಕೇಳಿ, "ಬರೋ ಮಹಾಸಭೆಗೆ ಇಡಮ್ಮಾ. ನಾನೇ ಎದ್ದು ಯೋಳ್ತೀನಿ" ಎಂದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಹೊಲ ಗುತ್ತಿಗೆಗೆ ಕೊಟ್ಟು, ಗುತ್ತಿಗೆಯವರು ಬೆಳೆದ ಮೂಟೆಯನ್ನೂ ತಮ್ಮ ಹೆಸರಿನಲ್ಲೇ ಕಂಪನಿಗೆ ಹಾಕಿಸುತ್ತಿದ್ದ ಕೆಲವರಿದ್ದರು. ಅವರ ಮುಂದಾಳು ಚೌಡಪ್ಪ. ತಿದ್ದುಪಡಿಗೆ ಹಾಜರಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು. ಬಿದ್ದುಹೋದರೆ ನಾರಾಯಣಮ್ಮನ ಷೇರು ಅವತ್ತಿಗೇ ರದ್ದು.

ಮಹಾಸಭೆ ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ಅದುವರೆಗೆ ಸಭೆಗೆ ಹೆಂಗಸರು ಬಂದದ್ದೇ ಅಪರೂಪ. ಆವತ್ತು ಮಾತ್ರ ಕಾಮಸಮುದ್ರದ ಬಸ್ಸಿನಿಂದ ನಾರಾಯಣಮ್ಮನ ಊರಿನ ಹೆಂಗಸರು ದಂಡಾಗಿ ಇಳಿದರು. ಎಲ್ಲರಿಗೂ ತಂತಮ್ಮ ಹೆಸರಿನಲ್ಲಿ ತುಂಡು ನೆಲವಿತ್ತು, ಷೇರಿತ್ತು. ಅವಳ ಪರವಾಗಿ ನಿಲ್ಲಲೆಂದೇ ಬಂದಿದ್ದರು. ಹಿಂದಿನ ಜಮಖಾನೆಯ ಮೇಲೆ ಒತ್ತೊತ್ತಾಗಿ ಕೂತರು. ನನಗೆ ಧೈರ್ಯ ಬಂತು. ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಶ್ರೀಧರ್, ಪಕ್ಕದಲ್ಲಿ ನನ್ನ ಹಳೆಯ ಪುಸ್ತಕ.

ಮುನಿವೆಂಕಟಪ್ಪನವರು ಕೂತು ಮಾತಾಡಿದ್ದನ್ನು ಯಾರೂ ನೋಡಿಲ್ಲ. ಟವೆಲ್ಲು ಹೆಗಲಿಗೆ ಹಾಕಿ ಎದ್ದು ನಿಂತರು. ನಿರ್ಣಯ ಓದಿ, "ಗುತ್ತಿಗೆಯೋನೂ ಬೆಳೆಗಾರನೇ ಕಣ್ರಪ್ಪಾ. ಒಪ್ಪಿದೋರು ಕುಂತಿರಿ, ಒಪ್ದೆ ಇರೋರು ಎದ್ದೇಳಿ" ಎಂದರು.

ಚೌಡಪ್ಪ ಎದ್ದ. ಅವನ ಹಿಂದೆ ಅವನ ಕಡೆಯವರು ಎದ್ದರು. ಇಷ್ಟೇ ತಾನೆ ಎಂದು ಖುಷಿಯಲ್ಲಿ ಎಣಿಸುತ್ತ ಹಿಂದಕ್ಕೆ ಬಂದೆ. ಅಯ್ಯೋ ಶಿವನೇ! ಅಷ್ಟೂ ಹೆಂಗಸರು ಎದ್ದು ನಿಂತಿದ್ದಾರೆ. ತಲೆ ಮೇಲೆ ಸೆರಗು, ನೋಟ ನೆಲದ ಮೇಲೆ. ಅವರ ನಡುವೆ ನಾರಾಯಣಮ್ಮ.

"ಏನಮ್ಮಾ ಇದು? ನಿನಗೆ ನೀನೇ ವಿರೋಧವಾ?" ಎಂದೆ.

"ಯಾರ್ ಯೋಳಿದ್ದು? ಬಾವ್ನೋರು ಎದ್ ನಿಂತವ್ರೆ, ನಾನ್ ಕುಂತಿರ್ಲಾ? ಮಾನ ಮರ್ವಾದೆ ಬ್ಯಾಡ್ವಾ?"

ಆ ಊರಿನಲ್ಲಿ ಮುನಿವೆಂಕಟಪ್ಪನವರು ಒಬ್ಬಳಿಗೆ ಬಾವ, ಇನ್ನೊಬ್ಬಳಿಗೆ ಮಾವ, ಮತ್ತೊಬ್ಬಳಿಗೆ ದೊಡ್ಡಮಾವ. ಹಿರಿಯರು ನಿಂತಿರುವಾಗ ಸೊಸೆಯಂದಿರು ಕೂತಿರುವ ಪದ್ಧತಿಯೇ ಇಲ್ಲ. ಇದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹುಟ್ಟಿದಾಗಿನಿಂದ ಇಲ್ಲೇ ಇರುವ ನಾನು, ಕೂರುವ ಏಳುವ ನಿಯಮ ಬರೆಯುವಾಗ ಒಂದು ಸಲವೂ ಅದನ್ನು ಯೋಚಿಸಿರಲಿಲ್ಲ.

ಲ್ಯಾಪ್‌ಟಾಪಿನಿಂದ ಶ್ರೀಧರ್, "ಎಷ್ಟಾಯ್ತು ಮೇಡಂ? ಅಧ್ಯಕ್ಷರೂ ನಿಂತೇ ಇದ್ದಾರಲ್ಲ, ನಿಮ್ಮ ನಿಯಮದ ಪ್ರಕಾರ ಅವರದ್ದೂ ವಿರೋಧ" ಎಂದರು. ನಿರ್ಣಯ ಮಂಡಿಸಿದವರೇ ಅದನ್ನು ವಿರೋಧಿಸಿದ ಹಾಗಾಯಿತು.

"ಎಣ್ಸಾಯ್ತಲ್ಲ, ಬಿದ್ದೋಯ್ತು. ಬರ್ಕೊಳಮ್ಮಾ" ಎಂದ ಚೌಡಪ್ಪ. "ನಾವೇನ್ ಮಾಡಿದ್ವಾ? ನಿನ್ ಬೈಲಾನೇ ಯೋಳ್ತದೆ."

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾರಾಯಣಮ್ಮನಿಗೆ ಆಗ ಅರ್ಥವಾಯಿತು. ಅವಳ ಮುಖ ಕಪ್ಪಿಟ್ಟಿತು. ಲೆಕ್ಕ ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ ಎಂದು ಎಲ್ಲೋ ಓದಿದ ನೆನಪು. ಪುಸ್ತಕ ತೆರೆದೆ. ಆ ಮಾತಿದ್ದ ಪುಟ ಬಿಚ್ಚಿಕೊಳ್ಳಲೇ ಇಲ್ಲ. ನನ್ನ ನಿಯಮಕ್ಕೆ ಬಳಿದಿದ್ದ ಧಾರಾಳ ಅಂಟು ಎದುರಿನ ಪುಟವನ್ನೂ ಹಿಡಿದುಕೊಂಡಿತ್ತು. ಉಗುರು ಹಾಕಿ ಕಿತ್ತೆ, ಹರಿಯಿತು. ಇಡೀ ಸಭೆ ನನ್ನನ್ನೇ ನೋಡುತ್ತಿತ್ತು. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

ಕೊನೆಗೆ ಶ್ರೀಧರ್ ತಮ್ಮ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಹುಡುಕಿ ಓದಿದರು. "ಅಧ್ಯಕ್ಷರು ಘೋಷಿಸುವವರೆಗೆ ಫಲಿತಾಂಶ ಅಂತಿಮವಲ್ಲ. ಅನುಮಾನ ಬಂದರೆ ಮತ್ತೆ ಎಣಿಸಬಹುದು. ಘೋಷಿಸಿದ್ದೀರಾ ಸಾರ್?"

"ಇಲ್ಲಪ್ಪಾ" ಎಂದು ಮುನಿವೆಂಕಟಪ್ಪನವರು ಕುರ್ಚಿಯಲ್ಲಿ ಕೂತರು. ಹೆಂಗಸರೆಲ್ಲ ಕೂತರು, ಚೌಡಪ್ಪನ ಕಡೆಯವರೂ ಕೂತರು. ಅಬ್ಬಾ ಅಂದುಕೊಂಡೆ. ಅವರು ಕೂತೇ ನಿರ್ಣಯ ಓದಲು ಶುರುಮಾಡಿದರು. ಎರಡನೆಯ ಸಾಲಿಗೆ ಸೊಂಟ ಅಲುಗಿತು. 'ಬೆಳೆಗಾರ' ಎಂಬಲ್ಲಿಗೆ ಬರುವಷ್ಟರಲ್ಲಿ ಮೈಮರೆತು ಎದ್ದೇಬಿಟ್ಟರು. ಹಿಂದೆ ಅಷ್ಟೂ ಸೀರೆಗಳು ಎದ್ದವು. ಎಣಿಕೆ ಶುರುವಾಯಿತೆಂದುಕೊಂಡು ಚೌಡಪ್ಪನ ಕಡೆಯವರೂ ಇನ್ನೊಮ್ಮೆ ಎದ್ದರು.

ಈ ಸಲ ಯಾರಿಗೂ ನಗುವಷ್ಟು ತ್ರಾಣ ಉಳಿದಿರಲಿಲ್ಲ. ಆ ಸದ್ದಡಗಿದ ಹೊತ್ತಿನಲ್ಲಿ ನಾರಾಯಣಮ್ಮ ಪಕ್ಕದ ಹಿರಿಯ ಹೆಂಗಸಿಗೆ ಹೇಳಿದಳು. ಬಾವನಿಗೆ ನೇರವಾಗಿ ಹೇಳುವಂತಿಲ್ಲ. ಆದರೆ ಇಡೀ ಮಂಟಪಕ್ಕೆ ಕೇಳಿಸುವ ಹಾಗೆ ಹೇಳಿದಳು. "ಅಕ್ಕಯ್ಯಾ, ಬಾವ್ನೋರ್ನ ಒಂದ್ ಗಳಿಗೆ ಆಚೆ ಓಗಿ ಅಂತ ಯೋಳು."

ಹಿರಿಯ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಸಭೆಯಿಂದ ಮುನಿವೆಂಕಟಪ್ಪನವರನ್ನು ಹೊರಗೆ ಕಳಿಸುವ ಎದೆ ಅದುವರೆಗೆ ಯಾರಿಗೂ ಇರಲಿಲ್ಲ. ಅವರು ಟವೆಲ್ಲು ಕೊಡವಿ, "ಸರಿ ಕಣಮ್ಮಾ" ಎಂದು ಮೆಟ್ಟಿಲಿಳಿದು ಹೊರಟರು. ಕ್ಯಾಸಂಬಳ್ಳಿಯ ನಿರ್ದೇಶಕ ರಾಜಣ್ಣ ಅವರ ಕುರ್ಚಿಗೆ ಬಂದರು. ಅವರು ಆ ಹೆಂಗಸರಿಗೆ ಬಾವನೂ ಅಲ್ಲ, ಮಾವನೂ ಅಲ್ಲ.

ಅಧ್ಯಕ್ಷರು ಹೊರಗೆ ಹೋದ ಮೇಲೆ ಅವರ ಓಟೂ ಹೋಯಿತು. ಎಲ್ಲರನ್ನೂ ಕೂರಿಸಿ ರಾಜಣ್ಣ ಮತ್ತೆ ಕೇಳಿದಾಗ ಚೌಡಪ್ಪನ ಕಡೆಯವರು ಎದ್ದು ನಿಂತರು. ಒಬ್ಬ ಹೆಚ್ಚು ಎದ್ದರೂ ನಿರ್ಣಯ ಬೀಳುತ್ತಿತ್ತು. ಅವರ ಸಾಲಿನಲ್ಲಿ ಒಬ್ಬ ಮುದುಕ ಮಾತ್ರ ಕೂತೇ ಇದ್ದ. "ಏಳೋ ಮಾಮಾ" ಎಂದು ಚೌಡಪ್ಪ ಗದರಿದ.

"ಎರಡ್ ಸಲ ಎದ್ನಲ್ಲೋ! ಇನ್ ನನ್ ಮಂಡಿ ಕೇಳಾಕಿಲ್ಲ ಓಗ್ಲಾ" ಎಂದ ಮುದುಕ.

ಹಿಂದೆ ಒಂದೇ ಒಂದು ಸೀರೆಯೂ ಅಲುಗಲಿಲ್ಲ. ನಾನು ಮೂರು ಸಲ ಎಣಿಸಿ ಬರೆದುಕೊಂಡೆ. ರಾಜಣ್ಣ "ಪಾಸಾಯ್ತು" ಎಂದರು. ಸುಧಾರಣೆ ಮಾಡಿದ ನನ್ನ ಬುದ್ಧಿ ಕೆಡಿಸಿದ್ದನ್ನು ಒಬ್ಬ ಮುದುಕನ ಮಂಡಿ ಸರಿಮಾಡಿತ್ತು.

ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾರಾಯಣಮ್ಮ ಮಾತ್ರ ಎರಡೂ ಅಂಗೈ ಜಮಖಾನೆಗೆ ಒತ್ತಿ ಹಿಡಿದು ಕೂತಿದ್ದಳು. ಯಾರೋ ಮುನಿವೆಂಕಟಪ್ಪನವರನ್ನು ಕೂಗಿದರು. ಅವರು ಬಾಗಿಲಲ್ಲಿ ಬಂದು ನಿಂತು, "ಆಯ್ತಾ?" ಎಂದರು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ತಟ್ಟನೆ ಎದ್ದರು. ನಾರಾಯಣಮ್ಮ ಏಳಲಿಲ್ಲ.

"ಏಳೇ, ಬಾವ್ನೋರು ಬಂದ್ರು" ಎಂದು ಅಕ್ಕಯ್ಯ ಭುಜ ತಿವಿದಳು.

"ನಾನ್ ಏಳಾಕಿಲ್ಲ" ಎಂದಳು ನಾರಾಯಣಮ್ಮ. "ಆಯಮ್ಮ ಇನ್ನೂ ಪೆನ್ನು ಇಡ್ಕೊಂಡವ್ಳೆ. ಎದ್ರೆ ಮತ್ತೆ ಎಣಿಸ್ತಾಳೆ."

ಮುನಿವೆಂಕಟಪ್ಪನವರು ತಮ್ಮನ ಹೆಂಡತಿಯನ್ನು ನೋಡಿದರು. "ಕುಂತಿರ್ಲಿ ಬಿಡ್ರಮ್ಮಾ" ಎಂದು ಅವರೂ ಹೊಸ್ತಿಲ ಮೇಲೆ ಕೂತುಬಿಟ್ಟರು.

ನಾನು ಪೆನ್ನಿಗೆ ಕ್ಯಾಪು ಹಾಕಿ, ಅವಳಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟೆ. ಆಗಲೂ ಅವಳು ಏಳಲಿಲ್ಲ.